ಹೊಲದ ಔಷಧಿಗೆ ಬೀಗ, ಮಕ್ಕಳ ಮಾತಿಗೆ ಕಿವಿ

ಹಿಂದೂಪುರ, ಕಲ್ಯಾಣದುರ್ಗದ ಕಡೆ ಹೊಲಕ್ಕೆ ಹೊಡೆಯುವ ವಿಷವನ್ನು ನಾವು ‘ಔಷಧಿ’ ಎನ್ನುತ್ತೇವೆ, ತೆಲುಗಿನಲ್ಲಿ ‘ಮಂದು’. ಕಡಲೇಕಾಯಿಗೋ ಟೊಮೇಟೊಗೋ ಹೊಡೆದು ಉಳಿದದ್ದನ್ನು ಮುಂದಿನ ಸಲಕ್ಕೆಂದು ಮನೆಗೇ ತಂದಿಡುತ್ತೇವೆ. ಹೆಸರು ಔಷಧಿಯಾದುದರಿಂದಲೋ ಏನೋ, ಅದಕ್ಕೆ ಬೀಗ ಹಾಕಬೇಕೆಂದು ತೋಚುವುದಿಲ್ಲ. ಈ ಸಲ ಬೆಳೆಯ ಹುಳುವಿನ ವಿಷಯ ಬಿಟ್ಟು, ಆ ಡಬ್ಬಿಯನ್ನೂ ಮನೆಯ ಹರೆಯದ ಮಕ್ಕಳನ್ನೂ ಕುರಿತು ಒಟ್ಟಿಗೆ ಯೋಚಿಸೋಣ.

ಹರೆಯದವರ ಆತ್ಮಹತ್ಯೆ ಎಲ್ಲೋ ಅಪರೂಪದ್ದು ಎಂಬ ಭಾವನೆ ನಮ್ಮಲ್ಲಿದೆ. ಆದರೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಹೀಗೆ ತೀರಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳುತ್ತದೆ. ದಿನಕ್ಕೆ 35ಕ್ಕೂ ಹೆಚ್ಚು. 2023ರ ಏಪ್ರಿಲ್‌ನಲ್ಲಿ ಆಂಧ್ರದ ಇಂಟರ್ ಫಲಿತಾಂಶ ಬಂದ ಎರಡು ದಿನಗಳಲ್ಲೇ ಒಂಬತ್ತು ಮಕ್ಕಳು ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಓದಿದೆವು. ಪೊಲೀಸರ ಲೆಕ್ಕಕ್ಕೆ ಬಾರದವು ಬೇರೆ ಇವೆ. ‘ಹೊಟ್ಟೆನೋವು’ ಎಂದು ಹೇಳಿ ಮುಗಿಸಿದವು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನವರು ಹತ್ತಿರದ ಕಣಿಯಂಬಾಡಿ ಹಳ್ಳಿಗಳಲ್ಲಿ 1992ರಿಂದ 2001ರವರೆಗೆ ಪ್ರತಿಯೊಂದು ಸಾವಿನ ಕಾರಣವನ್ನೂ ಮನೆಯಲ್ಲೇ ವಿಚಾರಿಸಿದರು. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಲ್ಲಿ ವರ್ಷಕ್ಕೆ ಲಕ್ಷಕ್ಕೆ 148 ಹುಡುಗಿಯರು, 58 ಹುಡುಗರು ಆತ್ಮಹತ್ಯೆಯಿಂದ ಸತ್ತಿದ್ದರು. ಹುಡುಗಿಯರ ಸಂಖ್ಯೆಯನ್ನು ಗಮನಿಸಬೇಕು. ನಾವು ಗಂಡುಮಕ್ಕಳ ಮಾರ್ಕ್ಸಿನ ಚಿಂತೆ ಮಾಡುತ್ತೇವೆ; ಹೆಣ್ಣುಮಕ್ಕಳು ಓದು ಬಿಡಿಸಿದ್ದಕ್ಕೆ, ಮದುವೆಯ ಒತ್ತಾಯಕ್ಕೆ, ಮನೆಯ ಹೊಡೆತಬಡಿತಕ್ಕೆ ಒಳಗೊಳಗೇ ಬೇಯುತ್ತಿರುತ್ತಾರೆ.

“ಸಾಯಬೇಕೆನ್ನುವವರನ್ನು ಯಾರು ತಡೆದಾರು?” ಎಂದು ಕೆಲವರು ಕೇಳುತ್ತಾರೆ. ಇದು ಸರಿಯಲ್ಲ. ಹರೆಯದವರಲ್ಲಿ ಬಹಳ ಸಲ ಅದು ಸಿಟ್ಟಿನ, ಅವಮಾನದ ಸ್ವಲ್ಪ ಹೊತ್ತು ಮಾತ್ರ. ಆ ಹೊತ್ತಿನಲ್ಲಿ ಕೈಗೆ ಏನೂ ಸಿಗದಿದ್ದರೆ ಹೆಚ್ಚಿನವರು ಬದುಕುತ್ತಾರೆ. ಶ್ರೀಲಂಕಾದಲ್ಲಿ 1995ರಿಂದ ಅತಿ ವಿಷಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದರು. ಇಪ್ಪತ್ತು ವರ್ಷಗಳಲ್ಲಿ ಆತ್ಮಹತ್ಯೆಯ ಪ್ರಮಾಣ ಸುಮಾರು ಶೇಕಡಾ 70 ಇಳಿಯಿತು; ಬೆಳೆಯ ಇಳುವರಿ ಇಳಿಯಲಿಲ್ಲ.

ಆದ್ದರಿಂದ ಬೇಕಾದಷ್ಟೇ ಔಷಧಿ ಕೊಳ್ಳಿರಿ. ಉಳಿದರೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಬೀಗದ ಕೈ ಒಬ್ಬ ಹಿರಿಯರ ಬಳಿಯೇ ಇರಲಿ. ಇಲಿಯ ಔಷಧಿಗೂ ಅಜ್ಜನ ಮಾತ್ರೆಗಳಿಗೂ ಇದೇ ಕ್ರಮ. ಫಲಿತಾಂಶದ ದಿನ, ಮನೆಯಲ್ಲಿ ದೊಡ್ಡ ಜಗಳವಾದ ದಿನ ಮಗುವನ್ನು ಒಂಟಿಯಾಗಿ ಬಿಡಬೇಡಿರಿ. ಫೇಲಾದವರಿಗೆ ಸಪ್ಲಿಮೆಂಟರಿ ಪರೀಕ್ಷೆ ಇದ್ದೇ ಇದೆ.

ಸೆಕೆಯಲ್ಲೂ ತುಂಬುತೋಳಿನ ಬಟ್ಟೆ ಬಿಡದ ಮಗುವಿನ ಕೈಯಲ್ಲಿ ಬ್ಲೇಡಿನ ಗೀರು ಕಂಡರೆ ಬಯ್ಯಬೇಡಿರಿ, ‘ನಾಟಕ’ ಎನ್ನಬೇಡಿರಿ. ಹಿಂದೆ ಹಾಗೆ ಗಾಯ ಮಾಡಿಕೊಂಡವರಿಗೆ ಅಪಾಯ ಹೆಚ್ಚು. “ನಾನಿಲ್ಲದಿದ್ದರೆ ನಿಮಗೆ ನೆಮ್ಮದಿ” ಎಂಬ ಮಾತು ಬಂದರೆ, “ಸಾಯಬೇಕೆನ್ನಿಸುತ್ತದೆಯೇನಮ್ಮಾ?” ಎಂದು ನೇರವಾಗಿಯೇ ಕೇಳಿರಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯ ಬೇಡ. ಕೇಳಿದಾಗ ಭಾರ ಇಳಿಯುತ್ತದೆ. ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರುವುದೇ ತಂದೆತಾಯಿಗೆ ಕಷ್ಟದ ಕೆಲಸ.

ಯಾರಾದರೂ ಏನನ್ನಾದರೂ ನುಂಗಿದ್ದರೆ ಉಪ್ಪುನೀರು, ಸೋಪುನೀರು ಕುಡಿಸಿ ವಾಂತಿ ಮಾಡಿಸಬೇಡಿರಿ. 108ಕ್ಕೆ ಫೋನ್ ಮಾಡಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. ನೋಡಲು ಚೆನ್ನಾಗಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ಕೇಸಾಗುತ್ತದೆಂದು ಹಿಂಜರಿಯಬೇಡಿರಿ: 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ಪ್ರಯತ್ನಿಸಿದವರನ್ನು ತೀವ್ರ ಒತ್ತಡಕ್ಕೆ ಒಳಗಾದವರೆಂದೇ ತಿಳಿಯಬೇಕು, ಶಿಕ್ಷಿಸುವಂತಿಲ್ಲ. ಮಗುವನ್ನು ಕಳೆದುಕೊಂಡ ಮನೆಯವರೂ ಮುಚ್ಚಿಡಬೇಕಾದ್ದಿಲ್ಲ. ಹಿಂದೆ ಧರ್ಮಸಭೆ ಇಂಥವರಿಗೆ ಸಮಾಧಿಸಂಸ್ಕಾರ ನಿರಾಕರಿಸುತ್ತಿತ್ತು. 1983ರ ಧರ್ಮಸಭೆಯ ಕಾನೂನು ಸಂಹಿತೆ ಆ ನಿಷೇಧವನ್ನು ಕೈಬಿಟ್ಟಿದೆ.

ಮನಸ್ಸಿನ ತೊಂದರೆಗೆಂದೇ ಸರ್ಕಾರದ ‘ಟೆಲಿ ಮಾನಸ್’ ಫೋನ್ 2022ರ ಅಕ್ಟೋಬರಿನಿಂದ ಇದೆ. ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಹಣವಿಲ್ಲ. ಕನ್ನಡದಲ್ಲೂ ತೆಲುಗಿನಲ್ಲೂ ಮಾತನಾಡುತ್ತಾರೆ.