ಸಿಲಿಂಡರ್ ರೇಟು, ಕೊಬ್ಬರಿ ರೇಟು ಮತ್ತು ವೋಟು: ತುಮಕೂರಿನಿಂದ ಒಂದು ಪಾಠ

"ಬೆಲೆ ಏರಿದ್ರೆ ಸರ್ಕಾರ ಬೀಳುತ್ತೆ." ಈ ಮಾತನ್ನ ಕ್ಯಾಂಟೀನ್‌ನಲ್ಲೂ ಕೇಳಿರ್ತೀರ, ಟಿವಿ ಚರ್ಚೆಯಲ್ಲೂ ಕೇಳಿರ್ತೀರ. ಉದಾಹರಣೆಗೆ ಎಲ್ಲರೂ ಕೊಡುವುದು 1998ರ ದೆಹಲಿ. ಈರುಳ್ಳಿ ಬೆಲೆ ಆಕಾಶಕ್ಕೇರಿತು, ಆ ವರ್ಷದ ನವೆಂಬರ್ ಚುನಾವಣೆಯಲ್ಲಿ ಅಲ್ಲಿನ ಬಿಜೆಪಿ ಸರ್ಕಾರ ಹೋಯಿತು. ಕಥೆ ಚೆನ್ನಾಗಿದೆ. ಆದರೆ ಇದನ್ನ ಒಂದು ಸೂತ್ರ ಅಂತ ಬರೆದುಕೊಂಡು ತುಮಕೂರು ಜಿಲ್ಲೆಗೆ ಹಾಕಿ ನೋಡಿದರೆ ಉತ್ತರ ಸರಿಯಾಗಿ ಬರಲ್ಲ. ಯಾಕೆ ಬರಲ್ಲ ಅನ್ನೋದೇ ಈ ಲೇಖನದ ವಿಷಯ. ಅರ್ಥಶಾಸ್ತ್ರ ಓದಿರಬೇಕಾಗಿಲ್ಲ, ಮೊದಲ ಸೆಮಿಸ್ಟರ್‌ನ ಗಣಿತ ನೆನಪಿದ್ದರೆ ಸಾಕು.

ಮೊದಲು ಒಂದು ಗೊಂದಲ ಬಿಡಿಸೋಣ. 2023ರ ಮೇ 10ರಂದು ನಮ್ಮ ರಾಜ್ಯದಲ್ಲಿ ವಿಧಾನಸಭೆಗೆ ಮತದಾನ ಆಯಿತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19 ಸ್ಥಾನ ಗೆದ್ದವು. ಬೆಲೆ ಏರಿಕೆ ಆ ಚುನಾವಣೆಯ ದೊಡ್ಡ ವಿಷಯ. ಮತದಾನದ ಹೊತ್ತಿಗೆ ಕಾಂಗ್ರೆಸ್‌ನವರು ಗ್ಯಾಸ್ ಸಿಲಿಂಡರ್‌ಗೆ ಹಾರ ಹಾಕಿ ಪೂಜೆ ಮಾಡಿದ್ದು ನಿಮಗೆ ನೆನಪಿರಬಹುದು. ಆದರೆ ಅಂಕಿಅಂಶ ತೆಗೆದು ನೋಡಿ. ದೇಶದ ಚಿಲ್ಲರೆ ಹಣದುಬ್ಬರ 2022ರ ಏಪ್ರಿಲ್‌ನಲ್ಲಿ ಶೇ 7.79 ಇತ್ತು, 2023ರ ಏಪ್ರಿಲ್ ಹೊತ್ತಿಗೆ ಶೇ 4.70ಕ್ಕೆ ಇಳಿದಿತ್ತು. ಅಂದ್ರೆ ರಿಸರ್ವ್ ಬ್ಯಾಂಕಿನ ಗುರಿ ಶೇ 4, ಮೇಲೆ ಕೆಳಗೆ 2ರ ಅಂತರ. ಆ ಪಟ್ಟಿಯೊಳಗೇ ಬಂದುಬಿಟ್ಟಿತ್ತು. ಹಣದುಬ್ಬರ ಇಳಿದಾಗ ಜನರ ಸಿಟ್ಟು ಏರಿದ್ದು ಹೇಗೆ?

ಉತ್ತರ ಸರಳ. ಹಣದುಬ್ಬರ ಅನ್ನೋದು ಬೆಲೆ ಅಲ್ಲ, ಬೆಲೆ ಏರುವ ವೇಗ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡೆರಿವೇಟಿವ್. ಬ್ರೇಕ್ ಒತ್ತಿದರೆ ಗಾಡಿಯ ವೇಗ ಇಳಿಯುತ್ತೆ, ಹೊರಟ ಜಾಗಕ್ಕೆ ವಾಪಸ್ ಬರಲ್ಲ. 2021ರ ಏಪ್ರಿಲ್‌ನಲ್ಲಿ 100 ರೂಪಾಯಿಗೆ ಬರುತ್ತಿದ್ದ ಸಾಮಾನಿನ ಚೀಲ 2022ರಲ್ಲಿ 107.79 ಆಯಿತು, 2023ರಲ್ಲಿ ಸುಮಾರು 112.86. ಪತ್ರಿಕೆಯಲ್ಲಿ "ಹಣದುಬ್ಬರ ಇಳಿಕೆ" ಅಂತ ತಲೆಬರಹ, ಅಂಗಡಿಯಲ್ಲಿ ಹೋದ ವರ್ಷಕ್ಕಿಂತ ಹೆಚ್ಚು ಬಿಲ್ಲು. ಇಬ್ಬರೂ ಸುಳ್ಳು ಹೇಳ್ತಿಲ್ಲ.

ಇನ್ನು ಆದಾಯದ ಕಡೆ. ಉದ್ಯೋಗ ಖಾತ್ರಿ ಯೋಜನೆಯಲ್ಲಿ ಕರ್ನಾಟಕದ ದಿನಗೂಲಿ 2021-22ರಲ್ಲಿ 289 ರೂಪಾಯಿ, ಮುಂದಿನ ವರ್ಷ 309, 2023-24ಕ್ಕೆ 316. ಎರಡು ವರ್ಷದಲ್ಲಿ ಕೂಲಿ ಏರಿದ್ದು ಶೇ 9.3, ಬೆಲೆ ಏರಿದ್ದು ಶೇ 12.9. ಭಾಗಿಸಿ ನೋಡಿದರೆ ಕೂಲಿಯ ಕೊಳ್ಳುವ ಶಕ್ತಿ ಸುಮಾರು ಶೇ 3 ಕುಗ್ಗಿದೆ. ಇದು ಇಡೀ ದೇಶದ ಸರಾಸರಿ ಬೆಲೆ ಇಟ್ಟು ಮಾಡಿದ ಒರಟು ಲೆಕ್ಕ, ಆದರೂ ದಿಕ್ಕು ಗೊತ್ತಾಗುತ್ತೆ. ಶೇ 3 ಅಂದ್ರೆ ಏನ್ ಮಹಾ ಅನ್ನಬೇಡಿ. ತಿಂಗಳ ಕೊನೆಗೆ ಉಳಿಯೋದೇ ಶೇ 3 ಆಗಿರುವ ಮನೆಗೆ ಅದು ಪೂರ್ತಿ ಉಳಿತಾಯ.

ಎರಡನೇ ಗೊಂದಲ ತೂಕದ್ದು. 2012 ನೆಲೆವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಈರುಳ್ಳಿಯ ತೂಕ ಶೇ 0.64, ಟೊಮೆಟೊ ಶೇ 0.57. ಒಂದಕ್ಕಿಂತ ಕಡಿಮೆ! ಹಾಗಾದ್ರೆ ಈರುಳ್ಳಿಗೆ ಸರ್ಕಾರ ಅಲ್ಲಾಡಿಸುವ ಶಕ್ತಿ ಎಲ್ಲಿಂದ ಬಂತು? ಮತದಾರನ ತಲೆಯೊಳಗಿನ ಸೂಚ್ಯಂಕದಲ್ಲಿ ತೂಕ ಬೇರೆ. ವಾರಕ್ಕೆರಡು ಸಲ ಕೊಳ್ಳುವ, ಬೆಲೆ ಬಾಯಿಪಾಠ ಇರುವ, ಬೇಡ ಅಂತ ಬಿಡಲಾಗದ ವಸ್ತುವಿಗೆ ಅಲ್ಲಿ ತೂಕ ಹೆಚ್ಚು. ಮೊಬೈಲ್ ಡೇಟಾ ಅಗ್ಗವಾದದ್ದನ್ನ ಯಾರೂ ನೆನಪಿಟ್ಟುಕೊಳ್ಳಲ್ಲ. ಸಿಲಿಂಡರ್ ಬೆಲೆ ಮಾತ್ರ ಪ್ರತಿ ಮನೆಗೂ ಗೊತ್ತು, ಯಾಕಂದ್ರೆ ಒಂದೇ ಸಲ ದೊಡ್ಡ ನೋಟು ತೆಗೆದುಕೊಡಬೇಕು. 14.2 ಕೆ.ಜಿ. ಸಿಲಿಂಡರ್ ದೆಹಲಿಯಲ್ಲಿ 2020ರ ನವೆಂಬರ್‌ನಲ್ಲಿ 594 ರೂಪಾಯಿ ಇದ್ದದ್ದು 2023ರ ಮಾರ್ಚ್‌ನಲ್ಲಿ 1,103 ಆಗಿತ್ತು, ಬೆಂಗಳೂರಿನಲ್ಲಿ ಇನ್ನೊಂದೆರಡು ರೂಪಾಯಿ ಜಾಸ್ತಿ. ಎರಡೂವರೆ ವರ್ಷದೊಳಗೆ ಶೇ 85ಕ್ಕಿಂತ ಹೆಚ್ಚು ಏರಿಕೆ. ಇಂಥ ಅಂಕಿ ಭಾಷಣಕ್ಕೆ ಹೇಳಿ ಮಾಡಿಸಿದ್ದು.

ಇಷ್ಟು ಸಾಮಗ್ರಿ ಇಟ್ಟುಕೊಂಡು ಜಿಲ್ಲೆಯ ಫಲಿತಾಂಶಕ್ಕೆ ಬನ್ನಿ. 2023ರಲ್ಲಿ ತುಮಕೂರು ಜಿಲ್ಲೆಯ 11 ಕ್ಷೇತ್ರಗಳಲ್ಲಿ ಕಾಂಗ್ರೆಸ್‌ಗೆ 7, ಬಿಜೆಪಿಗೆ 2, ಜೆಡಿಎಸ್‌ಗೆ 2. ಮೇಲ್ನೋಟಕ್ಕೆ ಬೆಲೆ ಏರಿಕೆಯ ಸೂತ್ರ ಪಾಸ್. ಆದರೆ ಒಂದೊಂದೇ ಕ್ಷೇತ್ರ ಬಿಡಿಸಿದಾಗ ತಮಾಷೆ ಶುರುವಾಗುತ್ತೆ.

ಅಡುಗೆಗೆ ಸಿಲಿಂಡರ್, ಓಡಾಟಕ್ಕೆ ಪೆಟ್ರೋಲ್, ತಿಂಗಳಿಗೆ ಬಾಡಿಗೆ: ಎಲ್ಲವನ್ನೂ ದುಡ್ಡು ಕೊಟ್ಟೇ ಕೊಳ್ಳುವ ತುಮಕೂರು ನಗರದಲ್ಲಿ ಸಿಟ್ಟು ಹೆಚ್ಚಿರಬೇಕಿತ್ತು. ಅಲ್ಲಿ ಗೆದ್ದದ್ದು ಬಿಜೆಪಿಯ ಜಿ.ಬಿ. ಜ್ಯೋತಿಗಣೇಶ್. ತ್ರಿಕೋನ ಸ್ಪರ್ಧೆ ಇತ್ತು, ವಿರೋಧಿ ಮತ ಜೆಡಿಎಸ್ ಮತ್ತು ಕಾಂಗ್ರೆಸ್ ನಡುವೆ ಹಂಚಿಹೋಯಿತು. ಸಿಟ್ಟು ಎಷ್ಟೇ ಇರಲಿ, ಎರಡು ಪೈಪಿನಲ್ಲಿ ಹರಿದರೆ ಒತ್ತಡ ಇಳಿಯುತ್ತೆ.

ಗುಬ್ಬಿ ಇನ್ನೂ ಸ್ವಾರಸ್ಯಕರ. ಅಲ್ಲಿ ಕಾಂಗ್ರೆಸ್ ಗೆದ್ದಿತು ಅಂತ ದಾಖಲೆ ಹೇಳುತ್ತೆ. ಗೆದ್ದವರು ಎಸ್.ಆರ್. ಶ್ರೀನಿವಾಸ್, ಊರಿನವರ ಬಾಯಲ್ಲಿ ವಾಸು. 2004ರಲ್ಲಿ ಪಕ್ಷೇತರರಾಗಿ, 2008, 2013, 2018ರಲ್ಲಿ ಜೆಡಿಎಸ್‌ನಿಂದ, 2023ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರು. ಈ ಇಪ್ಪತ್ತು ವರ್ಷದಲ್ಲಿ ಬೆಲೆ ಏರಿದೆ, ಇಳಿದಿದೆ, ಸರ್ಕಾರಗಳು ಬದಲಾಗಿವೆ. ಗುಬ್ಬಿಯ ಶಾಸಕರು ಮಾತ್ರ ಬದಲಾಗಿಲ್ಲ. ಚುನಾವಣೆಗೆ ಮೂರು ತಿಂಗಳ ಮುಂಚೆ, 2023ರ ಫೆಬ್ರುವರಿ 6ರಂದು, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನು ಪ್ರಧಾನಿಯೇ ಬಂದು ಉದ್ಘಾಟಿಸಿದರು. ಅದೂ ಫಲಿತಾಂಶ ತಿರುಗಿಸಲಿಲ್ಲ. ಡೇಟಾ ಸೈನ್ಸ್ ಓದುವವರು ಇಲ್ಲಿ ಎಚ್ಚರವಾಗಬೇಕು. ಪಕ್ಷದ ಹೆಸರನ್ನ ಕಾಲಂನಲ್ಲಿ ಹಾಕಿ ಹಣದುಬ್ಬರದ ಜೊತೆ ರಿಗ್ರೆಷನ್ ಓಡಿಸಿದರೆ ಗುಬ್ಬಿ ನಿಮಗೆ "ಬೆಲೆ ಏರಿಕೆಯಿಂದ ಕಾಂಗ್ರೆಸ್‌ಗೆ ಲಾಭ" ಅಂತ ಉತ್ತರ ಕೊಟ್ಟುಬಿಡುತ್ತೆ, ನಿಜವಾದ ಕಾರಣ ನಿಮ್ಮ ಟೇಬಲ್‌ನಲ್ಲೇ ಇರಲ್ಲ.

ಕುಣಿಗಲ್‌ನಲ್ಲಿ ಕಾಂಗ್ರೆಸ್‌ನ ಡಾ. ಎಚ್.ಡಿ. ರಂಗನಾಥ್ 2018ರಲ್ಲೂ ಗೆದ್ದಿದ್ದರು, 2023ರಲ್ಲೂ ಗೆದ್ದರು. ಲೋಕಸಭೆಗೆ ಬಂದರೆ ಈ ತಾಲ್ಲೂಕು ತುಮಕೂರಿಗೆ ಸೇರಲ್ಲ, ಬೆಂಗಳೂರು ಗ್ರಾಮಾಂತರಕ್ಕೆ ಸೇರುತ್ತೆ. 2024ರಲ್ಲಿ ಆ ಕ್ಷೇತ್ರದಲ್ಲಿ ಬಿಜೆಪಿಯ ಡಾ. ಸಿ.ಎನ್. ಮಂಜುನಾಥ್ ಡಿ.ಕೆ. ಸುರೇಶ್ ಅವರನ್ನು ಸುಮಾರು 2.69 ಲಕ್ಷ ಮತಗಳಿಂದ ಸೋಲಿಸಿದರು. ಅತ್ತ ತುಮಕೂರು ಕ್ಷೇತ್ರದಲ್ಲಿ ವಿ. ಸೋಮಣ್ಣ ಗೆದ್ದರು. ಒಂದು ವರ್ಷದೊಳಗೆ ಇಷ್ಟು ದೊಡ್ಡ ತಿರುವು. ಆ ವರ್ಷದಲ್ಲಿ ಜಿಲ್ಲೆಯ ದಿನಸಿ ಅಗ್ಗವಾಗಿತ್ತಾ? ಇಲ್ಲ. 2023ರ ಜುಲೈನಲ್ಲಿ ಟೊಮೆಟೊ ನೂರು ರೂಪಾಯಿ ದಾಟಿ, ಹಣದುಬ್ಬರ ಶೇ 7.44 ಮುಟ್ಟಿತ್ತು.

ಹಾಗಾದರೆ ಬೆಲೆ ಏರಿಕೆ ಲೆಕ್ಕಕ್ಕೇ ಇಲ್ಲವಾ? ಇದೆ. ಲೋಕನೀತಿ-ಸಿಎಸ್‌ಡಿಎಸ್ ಚುನಾವಣಾಪೂರ್ವ ಸಮೀಕ್ಷೆಯಲ್ಲಿ ಬೆಲೆ ಏರಿಕೆಯೇ ಮುಖ್ಯ ವಿಷಯ ಅಂದವರು 2019ರಲ್ಲಿ ಶೇ 4, 2024ರಲ್ಲಿ ಶೇ 23. ಅದಕ್ಕಿಂತ ಮೇಲಿದ್ದದ್ದು ನಿರುದ್ಯೋಗ ಮಾತ್ರ, ಶೇ 27. ದೇಶದಲ್ಲಿ ಬಿಜೆಪಿ 303ರಿಂದ 240ಕ್ಕೆ, ಕರ್ನಾಟಕದಲ್ಲಿ 25ರಿಂದ 17ಕ್ಕೆ ಇಳಿಯಿತು. ಅಂದ್ರೆ ಪರಿಣಾಮ ಇದೆ, ಆದರೆ ನೇರ ಗೆರೆಯಲ್ಲಿ ಇಲ್ಲ. ನಡುವೆ ಒಂದು ಪ್ರಶ್ನೆ ಕೂತಿದೆ: ತಪ್ಪು ಯಾರದು? ಅದೇ ಸಮೀಕ್ಷೆಯಲ್ಲಿ ಬೆಲೆ ಏರಿಕೆಗೆ ಕೇಂದ್ರ, ರಾಜ್ಯ ಎರಡೂ ಹೊಣೆ ಅಂದವರು ಅರ್ಧಕ್ಕಿಂತ ಹೆಚ್ಚು. ಹೊಣೆ ಹಂಚಿಹೋದರೆ ಶಿಕ್ಷೆಯೂ ಹಂಚಿಹೋಗುತ್ತೆ.

ಇದಕ್ಕೆ ಮನೆಯಂಗಳದ ಉದಾಹರಣೆ 2025ರ ಏಪ್ರಿಲ್. ತಿಂಗಳ ಮೊದಲ ದಿನವೇ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಡೀಸೆಲ್ ಮೇಲಿನ ರಾಜ್ಯದ ತೆರಿಗೆಯೂ ಏರಿತು. ಜನವರಿಯಲ್ಲೇ ಬಸ್ ದರ ಶೇ 15 ಹೆಚ್ಚಾಗಿತ್ತು. ಬಿಜೆಪಿ "ಜನಾಕ್ರೋಶ ಯಾತ್ರೆ" ಹೊರಡಿಸಿತು. ಯಾತ್ರೆ ಶುರುವಾದ ಬೆನ್ನಲ್ಲೇ ಕೇಂದ್ರ ಸಿಲಿಂಡರ್‌ಗೆ 50 ರೂಪಾಯಿ ಏರಿಸಿತು, ಅದನ್ನ ಹಿಡಿದು ಕಾಂಗ್ರೆಸ್ಸೂ ಬೀದಿಗಿಳಿಯಿತು. ಒಂದೇ ತಿಂಗಳಲ್ಲಿ ಇಬ್ಬರೂ ಬೆಲೆ ಏರಿಕೆ ವಿರುದ್ಧ! ಬೆಲೆ ಏರಿಸಿದವರು ಯಾರು ಅಂತ ಹುಡುಕುವ ಕೆಲಸ ಮಾತ್ರ ಗ್ರಾಹಕನಿಗೆ ಬಿಟ್ಟದ್ದು.

ಈಗ ನನ್ನ ಪ್ರಕಾರ ಅತಿ ಮುಖ್ಯವಾದದ್ದು, ನಗರದ ಚರ್ಚೆಗಳಲ್ಲಿ ತಪ್ಪಿಹೋಗುವುದು. ಒಬ್ಬರ ಬೆಲೆ ಇನ್ನೊಬ್ಬರ ಆದಾಯ. ಗುಬ್ಬಿ, ತಿಪಟೂರು ಕಡೆಯ ತೆಂಗು ಬೆಳೆಗಾರರಿಗೆ 2023 ಕೆಟ್ಟ ವರ್ಷ. ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೆ ಮಾರುಕಟ್ಟೆ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಅವರ ದುಃಖ ಬೆಲೆ ಏರಿಕೆ ಅಲ್ಲ, ಬೆಲೆ ಇಳಿಕೆ. ಎರಡೇ ವರ್ಷ, 2025ರಲ್ಲಿ ತಿಪಟೂರಿನಲ್ಲಿ ಕೊಬ್ಬರಿ 20 ಸಾವಿರ ದಾಟಿತು. ತೋಟದವರಿಗೆ ಹಬ್ಬ, ತುಮಕೂರಿನ ಹಾಸ್ಟೆಲ್ ಮೆಸ್ಸುಗಳಲ್ಲಿ ಚಟ್ನಿ ತೆಳ್ಳಗೆ. ಹಾಲಿನ ಕಥೆಯೂ ಇದೇ: ಏಪ್ರಿಲ್‌ನ 4 ರೂಪಾಯಿ ನಗರದವರಿಗೆ ಹೊರೆ, ಡೇರಿಗೆ ಹಾಲು ಹಾಕುವ ಕುಣಿಗಲ್‌ನ ಮನೆಗೆ ಬಹಳ ದಿನದಿಂದ ಕಾಯುತ್ತಿದ್ದ ದುಡ್ಡು. ರಾಗಿಯ ಬೆಂಬಲ ಬೆಲೆ 2022-23ರಲ್ಲಿ 3,578 ಇದ್ದದ್ದು 2025-26ಕ್ಕೆ 4,886 ಆಯಿತು. ಇದನ್ನ ಹಣದುಬ್ಬರ ಅಂತ ಬಯ್ಯೋಣವಾ, ನ್ಯಾಯ ಅಂತ ಹೊಗಳೋಣವಾ? ನೀವು ಯಾವ ತುದಿಯಲ್ಲಿ ನಿಂತಿದ್ದೀರಿ ಅನ್ನೋದರ ಮೇಲೆ ಹೋಗುತ್ತೆ. ಒಂದೇ ಜಿಲ್ಲೆಗೆ ಒಂದೇ "ಬೆಲೆ ಏರಿಕೆ" ಭಾಷಣ ಕೆಲಸ ಮಾಡದಿರುವುದಕ್ಕೆ ಇದು ದೊಡ್ಡ ಕಾರಣ. ಮತ್ತೆ ಗುಬ್ಬಿ ಮತ್ತು ಕುಣಿಗಲ್ ನಡುವೆ ಹೇಮಾವತಿ ಎಕ್ಸ್‌ಪ್ರೆಸ್ ಲಿಂಕ್ ಕಾಲುವೆಯ ಜಗಳ ಎದ್ದಾಗ ಪಕ್ಷ, ಬೆಲೆ ಎರಡೂ ಹಿಂದೆ ಸರಿದು ನೀರೇ ಮುಂದೆ ಬಂದು ಕೂರುತ್ತೆ.

ಪಕ್ಷಗಳಿಗೂ ಇದೆಲ್ಲ ಗೊತ್ತು. ಬೆಲೆ ಇಳಿಸುವುದು ಕಷ್ಟ, ಬೇಗ ಆಗದ ಕೆಲಸ. ಹಾಗಾಗಿ ಎರಡು ದಾರಿ ಹಿಡಿಯುತ್ತಾರೆ. ಒಂದು, ಟೈಮಿಂಗ್. ಸಿಗ್ನಲ್ಸ್ ಕ್ಲಾಸಿನಲ್ಲಿ ಸ್ಯಾಂಪ್ಲಿಂಗ್ ಓದಿದವರಿಗೆ ಇದು ತಕ್ಷಣ ಹೊಳೆಯುತ್ತೆ. ಮತದಾರ ಸ್ಯಾಂಪಲ್ ತೆಗೆಯೋದು ಐದು ವರ್ಷಕ್ಕೆ ಒಂದು ಸಲ. ಆ ಕ್ಷಣದಲ್ಲಿ ಬೆಲೆ ಕೆಳಗಿದ್ದರೆ ಸಾಕು. 2018ರಲ್ಲಿ ನಮ್ಮ ವಿಧಾನಸಭೆ ಚುನಾವಣೆಯ ಹೊತ್ತಿಗೆ, ಪ್ರತಿದಿನ ಬದಲಾಗಬೇಕಿದ್ದ ಪೆಟ್ರೋಲ್ ದರ ಏಪ್ರಿಲ್ 24ರಿಂದ 19 ದಿನ ಅಲ್ಲಾಡಲಿಲ್ಲ. ಮೇ 12ಕ್ಕೆ ಮತದಾನ, ಮೇ 14ಕ್ಕೆ ಏರಿಕೆ ಶುರು. 2024ರಲ್ಲಿ ಮಾರ್ಚ್ 8ರಂದು ಸಿಲಿಂಡರ್‌ಗೆ 100 ರೂಪಾಯಿ ಕಡಿತ ಪ್ರಕಟವಾಯಿತು, ಮಾರ್ಚ್ 15ರಿಂದ ಪೆಟ್ರೋಲ್, ಡೀಸೆಲ್ 2 ರೂಪಾಯಿ ಇಳಿಕೆ, ಮಾರ್ಚ್ 16ಕ್ಕೆ ಚುನಾವಣೆ ದಿನಾಂಕ ಘೋಷಣೆ. ರಾಜ್ಯವೂ ಕಡಿಮೆ ಇಲ್ಲ: ಲೋಕಸಭೆ ಫಲಿತಾಂಶ ಜೂನ್ 4ಕ್ಕೆ ಬಂತು, ಜೂನ್ 15ಕ್ಕೆ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು, ಲೀಟರಿಗೆ ಸುಮಾರು 3 ರೂಪಾಯಿ. ಇದಕ್ಕೆ ಪಕ್ಷಭೇದ ಇಲ್ಲ.

ಇನ್ನೊಂದು ದಾರಿ, ಬೆಲೆ ಹಾಗೇ ಇರಲಿ, ಕೈಗೆ ದುಡ್ಡು ಕೊಡೋಣ ಅನ್ನೋದು. ಐದು ಗ್ಯಾರಂಟಿಗಳನ್ನ ಬೆಲೆ ಏರಿಕೆಗೆ ಕೊಟ್ಟ ಪರಿಹಾರ ಅಂತಲೇ ಕಾಂಗ್ರೆಸ್ ಮಂಡಿಸಿತು. ಕಾಕತಾಳೀಯವೋ ಏನೋ, 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿಯ ಉದ್ಘಾಟನೆ, ಅದೇ ದಿನದಿಂದ ಕೇಂದ್ರದ 200 ರೂಪಾಯಿ ಸಿಲಿಂಡರ್ ಕಡಿತವೂ ಜಾರಿ. ವರ್ಷಕ್ಕೆ 8 ಸಿಲಿಂಡರ್ ಬೇಕಾದ ಮನೆಗೆ 594ರಿಂದ 1,103ಕ್ಕೆ ಏರಿದ ಹೆಚ್ಚುವರಿ ಹೊರೆ ಸುಮಾರು 4,072 ರೂಪಾಯಿ. ಗೃಹಲಕ್ಷ್ಮಿಯಿಂದ ಬರೋದು 24,000. ಲೆಕ್ಕ ಲಾಭದ್ದೇ. ಆದರೆ ಈ 2,000ಕ್ಕೆ ಸೂಚ್ಯಂಕದ ಜೋಡಣೆ ಇಲ್ಲ. ವರ್ಷಕ್ಕೆ ಶೇ 4ರಂತೆ ಬೆಲೆ ಏರಿದರೆ ಐದು ವರ್ಷದ ನಂತರ ಅದರ ಬೆಲೆ ಇವತ್ತಿನ 1,644 ರೂಪಾಯಿ. ಜೊತೆಗೆ ದಿನವೂ ಸಿಗುವ ಸೌಲಭ್ಯ ಬೇಗ ಅಭ್ಯಾಸವಾಗುತ್ತೆ, ಏರಿದ ಬೆಲೆ ಮಾತ್ರ ಪ್ರತಿ ಸಲವೂ ಹೊಸದಾಗಿ ಚುಚ್ಚುತ್ತೆ. ಗುಬ್ಬಿಯಿಂದ ಕಾಲೇಜಿಗೆ ಬರುವ ನಮ್ಮ ಹುಡುಗಿಯರನ್ನ ಶಕ್ತಿ ಯೋಜನೆ ಬಗ್ಗೆ, ಪಾಸ್ ಇಲ್ಲದ ಹುಡುಗರನ್ನ ಶೇ 15ರ ಬಗ್ಗೆ ಕೇಳಿ ನೋಡಿ, ಯಾರು ಹೆಚ್ಚು ಹೊತ್ತು ಮಾತಾಡ್ತಾರೆ ಅಂತ.

ಆಸಕ್ತಿ ಇರುವವರಿಗೆ ಒಂದು ಕೆಲಸ. ನಾಲ್ಕು ಜನ ಸೇರಿ ನಮ್ಮದೇ ಸೂಚ್ಯಂಕ ಮಾಡಬಹುದು. ಅಕ್ಕಿ, ರಾಗಿ, ತೊಗರಿಬೇಳೆ, ಅಡುಗೆ ಎಣ್ಣೆ, ಹಾಲು, ಈರುಳ್ಳಿ, ಟೊಮೆಟೊ, ತೆಂಗಿನಕಾಯಿ, ಸಿಲಿಂಡರ್, ಬಸ್ ಟಿಕೆಟ್: ಹತ್ತು ವಸ್ತು ಸಾಕು. ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆ, ಗುಬ್ಬಿ, ಕುಣಿಗಲ್ ಮೂರೂ ಕಡೆ ತಿಂಗಳಿಗೊಂದು ಸಲ, ಅದೇ ದಿನ, ಅದೇ ಅಳತೆಯ ಬೆಲೆ ಬರೆದುಕೊಳ್ಳಿ. ತೂಕವನ್ನ ಸರ್ಕಾರದ ಪಟ್ಟಿಯಿಂದ ಎತ್ತಬೇಡಿ. ಊರಿಗೆ ಹತ್ತು ಮನೆಯವರನ್ನ ಕೇಳಿ ಖರ್ಚಿನ ಪಾಲು ತೆಗೆಯಿರಿ. ಅದೇ ಮನೆಗಳಲ್ಲಿ ಈ ಹತ್ತರಲ್ಲಿ ಯಾವುದನ್ನ ಮಾರುತ್ತೀರಿ ಅಂತಲೂ ಕೇಳಿ, ಮಾರುವ ವಸ್ತುವಿಗೆ ಮೈನಸ್ ಗುರುತು ಹಾಕಿ. ಆಗ ಮೂರು ಊರಿಗೆ ಮೂರು ಬೇರೆ ಗ್ರಾಫ್ ಬರುತ್ತೆ. ಪ್ರಶ್ನಾವಳಿಯಲ್ಲಿ "ನಿಮ್ಮ ಮುಖ್ಯ ಸಮಸ್ಯೆ ಏನು" ಅನ್ನೋದು ಮೊದಲು ಬರಲಿ, ಬೆಲೆಯ ಪ್ರಶ್ನೆಗಳು ಆಮೇಲೆ. ಹತ್ತು ವಸ್ತುವಿನ ರೇಟು ಕೇಳಿ ಮುಗಿಸಿದ ಮೇಲೆ ಸಮಸ್ಯೆ ಏನು ಅಂದ್ರೆ ಯಾರಾದರೂ "ಬೆಲೆ ಏರಿಕೆ" ಅಂತಲೇ ಹೇಳ್ತಾರೆ.