ಬೆರಳಿಗಿಂತ ಮೊದಲು ಕಣ್ಣು ಪಳಗಲಿ: ಕಷ್ಟದ ಗೇಮ್ ಗೆಲ್ಲುವ ಸೂತ್ರಗಳು

ಕೆಲಸ, ಮನೆ, ಮಕ್ಕಳ ಹೋಂವರ್ಕ್ ಎಲ್ಲ ಮುಗಿದ ಮೇಲೆ ರಾತ್ರಿ ಒಂದು ತಾಸು ಕಂಟ್ರೋಲರ್ ಹಿಡಿಯುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಎಲ್ಡನ್ ರಿಂಗ್, ಸೆಕಿರೊ, ಹಾಲೋ ನೈಟ್, ಸೆಲೆಸ್ಟ್‌ನಂಥ ಗೇಮ್‌ಗಳನ್ನು ಆಸೆಪಟ್ಟು ಕೊಂಡು, ಮೊದಲ ದೊಡ್ಡ ಬಾಸ್ ಎದುರಾದಾಗ ಕೈಚೆಲ್ಲಿದವರು ಬಹಳ ಮಂದಿ. ‘ಇದು ಹದಿನಾರರ ಹುಡುಗರ ಚುರುಕು ಬೆರಳಿಗೆ ಮಾಡಿದ್ದು, ನಮ್ಮಂಥವರಿಗಲ್ಲ’ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಇಂಥ ಗೇಮ್‌ಗಳಲ್ಲಿ ಬೆರಳಿನ ವೇಗ ಬೇಕಾಗುವುದು ಕಡಿಮೆ, ಗಮನವಿಟ್ಟು ನೋಡುವ ಅಭ್ಯಾಸ ಬೇಕಾಗುವುದೇ ಹೆಚ್ಚು. ಆ ಅಭ್ಯಾಸವನ್ನು ಯಾವ ವಯಸ್ಸಿನಲ್ಲೂ ರೂಢಿಸಿಕೊಳ್ಳಬಹುದು.

1. ಮೊದಲು ಟಿವಿಯನ್ನು ಸರಿಮಾಡಿಕೊಳ್ಳಿ

ಖರ್ಚಿಲ್ಲದೆ ಸಿಗುವ ಲಾಭ ಇದು. ಈಗಿನ ಟಿವಿಗಳು ಚಿತ್ರವನ್ನು ತಿದ್ದಿ ತೀಡಿ ತೋರಿಸುತ್ತವೆ. ಸಿನಿಮಾ ನೋಡಲು ಅದು ಚೆನ್ನ, ಆದರೆ ಗೇಮ್ ಆಡುವಾಗ ಅದರಿಂದ ಬಟನ್ ಒತ್ತುವುದಕ್ಕೂ ತೆರೆಯ ಮೇಲೆ ಕತ್ತಿ ಬೀಸುವುದಕ್ಕೂ ನಡುವೆ ತಡವಾಗುತ್ತದೆ. ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ ಗೇಮ್ ಮೋಡ್ ಹಾಕಿ, ಆ ತಡ ಕಡಿಮೆಯಾಗುತ್ತದೆ. ಮೊದಲ ದಿನವೇ ಮಾಡಬೇಕಾದ ಕೆಲಸ ಇದು.

2. ಬಾಸ್ ಎದುರಿಗೆ ಬಂದಾಗ ಮೊದಲು ಸುಮ್ಮನೆ ನೋಡಿ

ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ದೊಡ್ಡ ಸೂತ್ರ. 2022ರ ಫೆಬ್ರುವರಿಯಲ್ಲಿ ಬಂದ ಎಲ್ಡನ್ ರಿಂಗ್‌ನಲ್ಲಿ ಸ್ಟಾರ್ಮ್‌ವೇಲ್ ಕೋಟೆಯ ಬಾಗಿಲು ಕಾಯುವ ಮಾರ್ಗಿಟ್‌ನನ್ನೇ ತೆಗೆದುಕೊಳ್ಳಿ. ಹೊಸಬರ ಪೈಕಿ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಅವನು ದೊಣ್ಣೆಯನ್ನು ತಲೆಯ ಮೇಲಕ್ಕೆ ಎತ್ತುತ್ತಾನೆ. ಈಗ ಹೊಡೆದೇಬಿಡುತ್ತಾನೆ ಎಂದು ನೀವು ಉರುಳುತ್ತೀರಿ. ಅವನು ಹೊಡೆಯುವುದಿಲ್ಲ, ಎತ್ತಿದ ಕೈಯನ್ನು ಹಾಗೇ ಹಿಡಿದಿರುತ್ತಾನೆ. ನೀವು ಉರುಳಿ ಮುಗಿಸಿ ಎದ್ದು ನಿಲ್ಲುವ ಹೊತ್ತಿಗೆ ಸರಿಯಾಗಿ ದೊಣ್ಣೆ ಬೀಳುತ್ತದೆ. ಹೆದರಿಕೆಯಿಂದ ಬಟನ್ ಒತ್ತುವವರನ್ನು ಹಿಡಿಯಲೆಂದೇ ಆ ತಡವನ್ನು ಇಟ್ಟಿದ್ದಾರೆ.

ಹಾಗಾಗಿ ಮೊದಲ ಕೆಲವು ಸಲ ಗೆಲ್ಲುವ ಯೋಚನೆಯನ್ನೇ ಬಿಡಿ, ಕತ್ತಿಯನ್ನೂ ಬೀಸಬೇಡಿ. ಗುರಾಣಿ ಹಿಡಿದು ಅವನ ಸುತ್ತ ನಡೆಯುತ್ತಾ ನೋಡಿ. ಕೈ ಎತ್ತಿದ ಮೇಲೆ ಎಷ್ಟು ಹೊತ್ತಿಗೆ ಇಳಿಸುತ್ತಾನೆ? ಯಾವ ಏಟಿನ ಹಿಂದೆಯೇ ಇನ್ನೊಂದು ಬರುತ್ತದೆ, ಯಾವುದಾದ ಮೇಲೆ ದಣಿದವನಂತೆ ನಿಲ್ಲುತ್ತಾನೆ? ದೂರ ಓಡಿ ಪ್ರಾಣ ತುಂಬುವ ಫ್ಲಾಸ್ಕ್ ಕುಡಿಯಲು ಹೊರಟರೆ ಬೆಳಕಿನ ಚೂರಿ ಎಸೆಯುತ್ತಾನೆ, ಅದನ್ನೂ ಗುರುತಿಟ್ಟುಕೊಳ್ಳಿ. ಕಣ್ಣು ದೊಣ್ಣೆಯ ತುದಿಯ ಮೇಲಿರುವುದಕ್ಕಿಂತ ಅವನ ಭುಜದ ಮೇಲಿರಲಿ. ಏಟು ಶುರುವಾಗುವುದು ಭುಜದಿಂದ. ಒಂದು ಸಂಜೆ ಹೀಗೆ ನೋಡುವುದರಲ್ಲೇ ಕಳೆದರೂ ಅದು ದಂಡವಲ್ಲ. ಮರುದಿನ ಅದೇ ಮಾರ್ಗಿಟ್ ಅರ್ಧದಷ್ಟು ನಿಧಾನವಾಗಿ ಕಾಣಿಸುತ್ತಾನೆ.

3. ಹಿಂದಕ್ಕೆ ಉರುಳಬೇಡಿ

ಹೆದರಿದವರು ಹಿಂದಕ್ಕೇ ಹೋಗುತ್ತಾರೆ, ಅದು ಸಹಜ. ಆದರೆ ದೊಡ್ಡ ಬಾಸ್‌ಗಳ ಆಯುಧ ಉದ್ದ. ಹಿಂದಕ್ಕೆ ಹೋದಷ್ಟೂ ಅದರ ತುದಿಗೆ ಸಿಗುತ್ತೀರಿ. ಉರುಳಲು ಶುರುಮಾಡಿದ ಮೊದಲ ಕ್ಷಣಗಳಲ್ಲಿ ಯಾವ ಏಟೂ ನಿಮಗೆ ತಾಗದಂತೆ ಗೇಮ್ ನೋಡಿಕೊಳ್ಳುತ್ತದೆ. ಅದನ್ನು ನಂಬಿ ಏಟಿನ ಒಳಕ್ಕೆ, ಬಾಸ್‌ನ ಪಕ್ಕಕ್ಕೆ ಉರುಳಿ. ಎದ್ದಾಗ ನೀವು ಅವನ ಬೆನ್ನ ಹತ್ತಿರ ಇರುತ್ತೀರಿ, ಹೊಡೆಯಲು ಜಾಗ ಸಿಕ್ಕಿರುತ್ತದೆ.

ಮೈಮೇಲಿನ ಭಾರವನ್ನೂ ನೋಡಿಕೊಳ್ಳಿ. ಎಲ್ಡನ್ ರಿಂಗ್‌ನಲ್ಲಿ ಹೊರಬಹುದಾದ ತೂಕದ 70% ದಾಟಿದರೆ ಉರುಳುವುದು ನಿಧಾನವಾಗಿ, ಭಾರವಾಗಿ ಆಗುತ್ತದೆ. ಚೆಂದದ ಕಬ್ಬಿಣದ ಕವಚ ಸಿಕ್ಕಿತೆಂದು ತೊಟ್ಟು, ಆಮೇಲೆ ‘ಎಷ್ಟು ಉರುಳಿದರೂ ಏಟು ತಪ್ಪುತ್ತಿಲ್ಲ’ ಎಂದು ಗೊಣಗುವವರು ಒಮ್ಮೆ ಆ ಲೆಕ್ಕ ನೋಡಬೇಕು.

4. ಎರಡು ಏಟಿಗೆ ಜಾಗವಿದ್ದರೆ ಒಂದನ್ನೇ ಹೊಡೆಯಿರಿ

ಬಾಸ್‌ನ ಪ್ರಾಣ ಒಂದಿಷ್ಟೇ ಉಳಿದಾಗ ಇದು ಇನ್ನೂ ಮುಖ್ಯ. ಗೆಲುವು ಕಣ್ಣಿಗೆ ಕಂಡ ಕೂಡಲೇ ಕೈ ತಾನಾಗಿಯೇ ಬಟನ್ ಮೇಲೆ ಬಟನ್ ಒತ್ತುತ್ತದೆ. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದು ಆಗಲೇ.

5. ಬಾಗಿಲು ತೆರೆಯದಿದ್ದರೆ ಬೇರೆ ದಾರಿ ಹಿಡಿಯಿರಿ

ಎಲ್ಡನ್ ರಿಂಗ್ ಶುರುವಾಗಿ ಗುಹೆಯಿಂದ ಹೊರಬಂದರೆ ಸಾಕು, ಚಿನ್ನದ ಕವಚ ತೊಟ್ಟು ಕುದುರೆ ಏರಿದ ಟ್ರೀ ಸೆಂಟಿನೆಲ್ ದಾರಿಯಲ್ಲೇ ಅಡ್ಡಾಡುತ್ತಿರುತ್ತಾನೆ. ಹೊಸಬರನ್ನು ಎರಡೇ ಏಟಿಗೆ ಮಲಗಿಸುವಂಥವನು. ಅವನನ್ನು ಕೊಂದೇ ಮುಂದೆ ಹೋಗಬೇಕು ಎಂಬ ಕಟ್ಟಳೆ ಎಲ್ಲೂ ಇಲ್ಲ. ದೂರದಿಂದ ಸುತ್ತಿಕೊಂಡು ಹೋಗಬಹುದು. ಕಷ್ಟ ಕಂಡಾಗ ಬಳಸಿಕೊಂಡು ಹೋಗುವುದೂ ಒಂದು ಆಟ ಎಂಬ ಪಾಠವನ್ನು ಗೇಮ್ ಆರಂಭದಲ್ಲೇ ಹೇಳಿಕೊಡುತ್ತದೆ.

ಮಾರ್ಗಿಟ್ ಬಳಿ ಸೋತು ಸುಸ್ತಾದವರು ಅಲ್ಲಿಂದ ತಿರುಗಿ ದಕ್ಷಿಣಕ್ಕೆ ಹೋಗಿ. ಸೇತುವೆ ದಾಟಿದರೆ ವೀಪಿಂಗ್ ಪೆನಿನ್ಸುಲಾ ಎಂಬ ಮಳೆ ಹನಿಯುವ ನಾಡು ಸಿಗುತ್ತದೆ. ಅಲ್ಲಿನ ಹಾಳು ಚರ್ಚುಗಳಲ್ಲಿ ಮೂರು ಸೇಕ್ರೆಡ್ ಟಿಯರ್‌ಗಳಿವೆ. ಒಂದೊಂದೂ ನಿಮ್ಮ ಫ್ಲಾಸ್ಕ್ ತುಂಬುವ ಪ್ರಾಣದ ಪ್ರಮಾಣವನ್ನು ಹೆಚ್ಚಿಸುತ್ತದೆ. ಚಿನ್ನದ ಬಣ್ಣದಲ್ಲಿ ಹೊಳೆಯುವ ಪುಟ್ಟ ಗಿಡ ಕಂಡರೆ ಬಿಡಬೇಡಿ, ಅದರ ಬುಡದಲ್ಲಿ ಸಿಗುವ ಗೋಲ್ಡನ್ ಸೀಡ್‌ನಿಂದ ಫ್ಲಾಸ್ಕ್‌ಗಳ ಸಂಖ್ಯೆ ಹೆಚ್ಚುತ್ತದೆ. ಆಟ ಶುರುವಾಗುವ ನಾಡಾದ ಲಿಮ್‌ಗ್ರೇವ್‌ನ ಗಣಿಯೊಳಗೆ ಹೋದರೆ ಕತ್ತಿ ಹದಮಾಡುವ ಕಲ್ಲುಗಳಿವೆ. ಅದೇ ನಾಡಿನ ಚರ್ಚ್ ಆಫ್ ಎಲ್ಲೆಯ ಅಡೆಗಲ್ಲಿನ ಮೇಲೆ ಆಯುಧವನ್ನು +3ರವರೆಗೆ ಹದಮಾಡಬಹುದು. ಹೀಗೆ ತಿರುಗಾಡಿ ಮರಳಿ ಬಂದಾಗ ಮಾರ್ಗಿಟ್ ಹಳಬನೇ ಇರುತ್ತಾನೆ, ನಿಮ್ಮ ಬಲ ಮಾತ್ರ ಹೆಚ್ಚಾಗಿರುತ್ತದೆ. ಸಮಯ ಕಡಿಮೆ ಇರುವವರಿಗೆ ಈ ಬಗೆಯ ಆಟವೇ ಸರಿ. ಒಂದು ತಾಸಿನಲ್ಲಿ ಬಾಸ್ ಸೋಲದೆ ಇರಬಹುದು, ಆದರೆ ಒಂದು ಚರ್ಚ್, ಒಂದು ಗುಹೆ ಖಂಡಿತ ಮುಗಿಯುತ್ತದೆ.

6. ಮೊದಲು ಪ್ರಾಣ, ಆಮೇಲೆ ಪೆಟ್ಟು

ಲೆವೆಲ್ ಏರುವಾಗ ಎಲ್ಲರ ಕೈಯೂ ಶಕ್ತಿಯ ಕಡೆಗೇ ಹೋಗುತ್ತದೆ. ಆದರೆ ಕ್ಯಾಶುಯಲ್ ಆಟಗಾರರು ಆರಂಭದಲ್ಲಿ ಪ್ರಾಣ ಹೆಚ್ಚಿಸುವ ವಿಗರ್ ಏರಿಸಬೇಕು. ಪ್ರಾಣ ಹೆಚ್ಚಿದ್ದರೆ ಒಂದು ತಪ್ಪು ಮಾಡಿಯೂ ಬದುಕಿರುತ್ತೀರಿ. ಬದುಕಿದ್ದರೆ ಬಾಸ್‌ನ ಮುಂದಿನ ಏಟನ್ನು ನೋಡುತ್ತೀರಿ, ನೋಡಿದ್ದನ್ನು ಕಲಿಯುತ್ತೀರಿ. ಪೆಟ್ಟಿನ ಬಲಕ್ಕೆ ಆಯುಧವನ್ನು ಹದಮಾಡಿದರೆ ಆರಂಭದಲ್ಲಿ ಅಷ್ಟೇ ಸಾಕು.

7. ಕೈಯಲ್ಲಿರುವ ರೂನ್ ಖರ್ಚು ಮಾಡಿ ಒಳಗೆ ಹೋಗಿ

ಸತ್ತರೆ, ಲೆವೆಲ್ ಏರಲು ಖರ್ಚು ಮಾಡುವ ರೂನ್‌ಗಳು ಸತ್ತ ಜಾಗದಲ್ಲೇ ಬಿದ್ದಿರುತ್ತವೆ. ಅವನ್ನು ಎತ್ತಿಕೊಳ್ಳುವ ಮೊದಲೇ ಮತ್ತೆ ಸತ್ತರೆ ಮಾಯ. ಬಾಸ್ ಬಾಗಿಲಲ್ಲಿ ನಿಂತಾಗ ಜೇಬು ಖಾಲಿಯಿದ್ದರೆ ಮನಸ್ಸೂ ಹಗುರವಾಗಿರುತ್ತದೆ. ಕಳೆದುಕೊಳ್ಳುವ ಚಿಂತೆ ಇಲ್ಲದವರು ಚೆನ್ನಾಗಿ ಆಡುತ್ತಾರೆ.

8. ಸಹಾಯ ಪಡೆಯುವುದು ಸೋಲಲ್ಲ

ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿಯೇ ಮಾತಾಡುತ್ತೇನೆ. ‘ಒಬ್ಬನೇ ಹೊಡೆದರಷ್ಟೇ ಗೆದ್ದಂತೆ, ಯಾರನ್ನಾದರೂ ಕರೆದರೆ ಮೋಸ’ ಎಂದು ಕೆಲವರು ಹೊಸಬರನ್ನು ಹೀಯಾಳಿಸುತ್ತಾರೆ. ಈ ಗೇಮ್‌ಗಳನ್ನು ಮಾಡಿದವರಿಗೇ ಆ ಅಭಿಪ್ರಾಯವಿಲ್ಲ. ಎಲ್ಡನ್ ರಿಂಗ್ ಮಾಡಿದ ಫ್ರಮ್‌ಸಾಫ್ಟ್‌ವೇರ್‌ನ ಹಿಡೆಟಾಕಾ ಮಿಯಾಜಾಕಿ, 2009ರ ಡೀಮನ್ಸ್ ಸೋಲ್ಸ್‌ನಲ್ಲಿ ಅಪರಿಚಿತ ಆಟಗಾರರು ಒಬ್ಬರಿಗೊಬ್ಬರು ನೆರವಾಗುವ ವ್ಯವಸ್ಥೆಯನ್ನು ತಂದರು. ಅದರ ಪ್ರೇರಣೆಯನ್ನು ಅವರೇ ಸಂದರ್ಶನವೊಂದರಲ್ಲಿ ಹೇಳಿಕೊಂಡಿದ್ದಾರೆ. ಹಿಮ ಬಿದ್ದ ಏರುದಾರಿಯಲ್ಲಿ ಕಾರುಗಳು ಜಾರಿ ನಿಂತಿದ್ದವು. ಹಿಂದಿನ ಕಾರು ಮುಂದಿನದನ್ನು ತಳ್ಳಿ, ಅದರ ಹಿಂದಿನದು ಇದನ್ನು ತಳ್ಳಿ, ಒಬ್ಬರ ಪರಿಚಯ ಇನ್ನೊಬ್ಬರಿಗಿಲ್ಲದೆ ಎಲ್ಲರೂ ಏರು ಹತ್ತಿದರು. ಯಾರಿಗೂ ಧನ್ಯವಾದ ಹೇಳಲು ಆಗಲಿಲ್ಲ. ಆ ನೆನಪಿನಿಂದ ಹುಟ್ಟಿದ್ದು ಈ ಸಹಾಯದ ವ್ಯವಸ್ಥೆ. ಅದನ್ನು ಬಳಸುವುದು ಗೇಮ್ ಅನ್ನು ಅದರ ಉದ್ದೇಶದಂತೆಯೇ ಆಡುವುದು.

ಮಾರ್ಗಿಟ್‌ನ ಮಂಜಿನ ಬಾಗಿಲ ಹೊರಗೆ ನೆಲದ ಮೇಲೆ ಚಿನ್ನದ ಬಣ್ಣದ ಗುರುತಿದೆ. ಮುಟ್ಟಿದರೆ ರೋಜಿಯರ್ ಎಂಬ ಮಾಂತ್ರಿಕ ಜೊತೆಗೆ ಬರುತ್ತಾನೆ. ಚರ್ಚ್ ಆಫ್ ಎಲ್ಲೆಯಲ್ಲಿ ರೆನ್ನಾ ಎಂಬವಳು ಕೊಡುವ ಗಂಟೆಯಿಂದ ಮೂರು ತೋಳಗಳನ್ನು ಕರೆಯಬಹುದು. ಬಾಸ್ ಅವುಗಳ ಕಡೆ ತಿರುಗಿದ ಹೊತ್ತಿನಲ್ಲಿ ನಿಮಗೆ ನೋಡಲು, ಉಸಿರಾಡಲು, ಫ್ಲಾಸ್ಕ್ ಕುಡಿಯಲು ಸಮಯ ಸಿಗುತ್ತದೆ.

ಬೇರೆ ಗೇಮ್‌ಗಳೂ ಹೀಗೇ ಕೈಹಿಡಿಯುತ್ತವೆ. 2018ರ ಸೆಲೆಸ್ಟ್‌ನಲ್ಲಿ ಅಸಿಸ್ಟ್ ಮೋಡ್ ಹಾಕಿ ಆಟದ ವೇಗವನ್ನು ಅರ್ಧಕ್ಕೆ ಇಳಿಸಬಹುದು. ವೇಗ ಇಳಿಸಿ ಕಷ್ಟದ ನೆಗೆತವನ್ನು ಕಲಿತು, ಮೆಲ್ಲಗೆ ಮತ್ತೆ ಏರಿಸುತ್ತಾ ಬರುವುದು ಒಳ್ಳೆಯ ಕ್ರಮ. 2020ರ ಹೇಡೀಸ್‌ನ ಗಾಡ್ ಮೋಡ್ ನನಗೆ ಬಹಳ ಮೆಚ್ಚುಗೆಯಾದ ಉಪಾಯ. ಅದು ನಿಮಗಾಗುವ ಹಾನಿಯನ್ನು ಮೊದಲು 20% ತಗ್ಗಿಸುತ್ತದೆ, ಆಮೇಲೆ ನೀವು ಸತ್ತಾಗಲೆಲ್ಲ ಇನ್ನೂ 2% ಸೇರಿಸುತ್ತಾ 80%ವರೆಗೆ ಹೋಗುತ್ತದೆ. ಪ್ರತಿ ಸಾವೂ ನಿಮ್ಮನ್ನು ಒಂದಿಷ್ಟು ಗಟ್ಟಿ ಮಾಡುತ್ತದೆ, ಕಥೆಯಂತೂ ಎಲ್ಲೂ ನಿಲ್ಲುವುದಿಲ್ಲ.

9. ಹಳೆಯ ಗೇಮ್‌ನ ಅಭ್ಯಾಸವನ್ನು ಹೊಸ ಗೇಮ್‌ನ ಹೊಸ್ತಿಲಲ್ಲೇ ಬಿಡಿ

ಡಾರ್ಕ್ ಸೋಲ್ಸ್ ಚೆನ್ನಾಗಿ ಆಡಿದವರೇ 2019ರ ಸೆಕಿರೊದಲ್ಲಿ ಒದ್ದಾಡಿದರು. ಉರುಳಿ ತಪ್ಪಿಸಿಕೊಂಡು, ಕಾದು ಒಂದು ಏಟು ಹಾಕುವ ಪದ್ಧತಿ ಇಲ್ಲಿ ಕೈಕೊಡುತ್ತದೆ. ಇಲ್ಲಿ ಸಹಾಯಕ್ಕೆ ಕರೆಯಲು ಯಾರೂ ಇಲ್ಲ, ಕಷ್ಟದ ಮಟ್ಟ ಇಳಿಸುವ ಸೆಟ್ಟಿಂಗ್ ಕೂಡ ಇಲ್ಲ. ಎದುರಾಳಿಗೆ ಪ್ರಾಣದ ಜೊತೆ ಪೋಶ್ಚರ್ ಎಂಬ ಇನ್ನೊಂದು ಪಟ್ಟಿ ಇದೆ. ಅವನ ಕತ್ತಿ ತಾಗುವ ಕ್ಷಣಕ್ಕೆ ಸರಿಯಾಗಿ ನಿಮ್ಮ ಕತ್ತಿ ಒಡ್ಡಿದರೆ ಆ ಪಟ್ಟಿ ತುಂಬುತ್ತದೆ, ಪೂರ್ತಿ ತುಂಬಿದರೆ ಮಾರಕ ಇರಿತಕ್ಕೆ ಅವಕಾಶ ಸಿಗುತ್ತದೆ. ಆಶೀನಾ ಕೋಟೆಯ ಮೇಲಿನ ಗೆನಿಚಿರೊನನ್ನು ಎದುರಿಸುವಾಗ ಇದು ತಾಳ ಹಾಕುವ ಹಾಗೆ: ಅವನ ಏಟುಗಳನ್ನು ಬಾಯಲ್ಲಿ ಎಣಿಸುತ್ತಾ ಬಟನ್ ಒತ್ತಿ, ಅಕ್ಷರಕ್ಕೆ ಅಕ್ಷರ ಕೂಡುತ್ತದೆ.

ದೂರ ಸರಿದು ನಿಂತರೆ ಅವನ ಪೋಶ್ಚರ್ ಇಳಿದುಬಿಡುತ್ತದೆ, ಆದ್ದರಿಂದ ಹತ್ತಿರವೇ ಇರಿ. ಅವನ ಪ್ರಾಣ ಕಡಿಮೆಯಾದಷ್ಟೂ ಪೋಶ್ಚರ್ ಇಳಿಯುವ ವೇಗ ತಗ್ಗುತ್ತದೆ. ಹಾಗಾಗಿ ಮೊದಲು ನಾಲ್ಕು ಏಟು ಹಾಕಿ ಅವನ ಪ್ರಾಣ ಇಳಿಸುವುದು ಜಾಣತನ. ತೆರೆಯ ಮೇಲೆ ಕೆಂಪು ಅಕ್ಷರ ಹೊಳೆದರೆ ಸುಮ್ಮನೆ ಕತ್ತಿ ಅಡ್ಡ ಹಿಡಿದು ನಿಂತು ಪ್ರಯೋಜನವಿಲ್ಲ. ಚುಚ್ಚಲು ಬಂದರೆ ಮಿಕಿರಿ ಕೌಂಟರ್‌ನಿಂದ ಮೆಟ್ಟಿ, ಕಾಲಿಗೆ ಬೀಸಿದರೆ ನೆಗೆಯಿರಿ, ಹಿಡಿಯಲು ಬಂದರೆ ಸರಿಯಿರಿ. ಹಾಳು ದೇಗುಲದ ಹೊರಗೆ ಹಾನ್ಬೆ ಎಂಬ ಸಾವಿಲ್ಲದವನಿದ್ದಾನೆ. ಇವನ್ನೆಲ್ಲ ಅಭ್ಯಾಸ ಮಾಡಿಸಲೆಂದೇ ಅವನನ್ನು ಅಲ್ಲಿ ಕೂರಿಸಿದ್ದಾರೆ. ಅವನ ಬಳಿ ಹತ್ತು ನಿಮಿಷ ಕಳೆದು ಆಮೇಲೆ ಬಾಸ್ ಹತ್ತಿರ ಹೋಗಿ.

10. ಕೈ ಬಿಸಿಯಾದಾಗ ನಿಲ್ಲಿಸಿ, ಮಲಗಿ

‘ಇನ್ನೊಂದೇ ಸಲ’ ಎಂದು ರಾತ್ರಿ ಎರಡರವರೆಗೆ ಕೂರುವುದರಿಂದ ಆಟ ಹಾಳಾಗುತ್ತದೆ, ಮರುದಿನದ ಕೆಲಸವೂ ಕೆಡುತ್ತದೆ. ಶೆಫೀಲ್ಡ್ ವಿಶ್ವವಿದ್ಯಾಲಯದ ಟಾಮ್ ಸ್ಟಾಫರ್ಡ್ ಮತ್ತು ಸಂಗಡಿಗರೊಬ್ಬರು ಒಂದು ಆನ್‌ಲೈನ್ ಗೇಮ್‌ನ 8.5 ಲಕ್ಷಕ್ಕೂ ಹೆಚ್ಚು ಆಟಗಾರರ ಅಂಕಗಳನ್ನು ಪರಿಶೀಲಿಸಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಷ್ಟು ಸಲ ಆಡಿದರು ಎಂಬ ಲೆಕ್ಕ ಒಂದೇ ಆಗಿದ್ದರೂ, ನಡುವೆ ಬಿಡುವು ಕೊಟ್ಟು ಆಡಿದವರ ಅಂಕ ಒಂದೇ ಸಮನೆ ಆಡಿದವರಿಗಿಂತ ಹೆಚ್ಚಿತ್ತು. ಅದೇ ಅಧ್ಯಯನದ ಇನ್ನೊಂದು ಮಾತು ನನಗೆ ಇನ್ನೂ ಇಷ್ಟ: ಆರಂಭದಲ್ಲಿ ಒಂದು ಸಲ ಚೆನ್ನಾಗಿ, ಇನ್ನೊಂದು ಸಲ ಕೆಟ್ಟದಾಗಿ ಆಡಿದವರು ಮುಂದೆ ಹೆಚ್ಚು ಒಳ್ಳೆಯ ಆಟಗಾರರಾದರು. ಅಂದರೆ ಬೇರೆ ಬೇರೆ ಬಗೆಯಲ್ಲಿ ಆಡಿ ನೋಡುವುದು ವ್ಯರ್ಥವಲ್ಲ. ವಾರಕ್ಕೆ ಕೆಲವೇ ತಾಸು ಸಿಗುವ ನಮಗೆ ಬಿಡುವು ತಾನಾಗಿಯೇ ಸಿಕ್ಕಿದೆ, ಅದನ್ನು ಕೊರತೆ ಎಂದುಕೊಳ್ಳಬೇಕಿಲ್ಲ.

11. ವಿಡಿಯೋ ನೋಡಿ, ಆದರೆ ಪ್ರಶ್ನೆ ಇಟ್ಟುಕೊಂಡು ನೋಡಿ

‘ಮಾರ್ಗಿಟ್‌ನನ್ನು ಸೋಲಿಸುವುದು ಹೇಗೆ’ ಎಂದು ಹುಡುಕಿದರೆ ಬೇರೆಯವರ ಆಟ ನೋಡಿದಂತಾಯಿತು ಅಷ್ಟೆ. ‘ಅವನ ಎತ್ತಿದ ಕೈಯ ಏಟಿಗೆ ಯಾವಾಗ ಉರುಳಬೇಕು’ ಎಂಬ ಪ್ರಶ್ನೆಗೆ ಉತ್ತರ ಹುಡುಕಿದರೆ ನಿಮ್ಮ ಆಟ ಮುಂದೆ ಹೋಗುತ್ತದೆ. ಆ ಪ್ರಶ್ನೆ ಹುಟ್ಟುವುದು ನೀವೇ ಕೆಲವು ಸಲ ಸೋತ ಮೇಲೆ.

12. ಒಂದು ನೋಟ್‌ಬುಕ್ ಇಟ್ಟುಕೊಳ್ಳಿ

ಮಕ್ಕಳ ಪರೀಕ್ಷೆ, ಊರ ಜಾತ್ರೆ, ಮದುವೆ ಸೀಸನ್ ಬಂದು ಮೂರು ವಾರ ಆಟ ನಿಂತರೆ ಮರಳಿದಾಗ ಎಲ್ಲ ಮರೆತಿರುತ್ತದೆ. ಬಟನ್‌ಗಳ ನೆನಪು ಬೇಗ ಮರಳುತ್ತದೆ. ನೇರ ಬಾಸ್ ಹತ್ತಿರ ಹೋಗದೆ ಸಣ್ಣ ಸೈನಿಕರ ಜೊತೆ ಹತ್ತು ನಿಮಿಷ ಆಡಿದರೆ ಸಾಕು. ಮರಳದಿರುವುದು ಎಲ್ಲಿಗೆ ಹೊರಟಿದ್ದೆ, ಯಾಕೆ ಹೊರಟಿದ್ದೆ ಎಂಬುದು. ಹಾಲೋ ನೈಟ್‌ನಲ್ಲಂತೂ ನಕ್ಷೆಯೇ ಮೊದಲಿಗೆ ಇರುವುದಿಲ್ಲ. ನೆಲದ ಮೇಲೆ ಚೆಲ್ಲಿದ ಕಾಗದಗಳನ್ನೂ ಗುನುಗುವ ದನಿಯನ್ನೂ ಹಿಂಬಾಲಿಸಿ ಕಾರ್ನಿಫರ್ ಎಂಬವನನ್ನು ಹುಡುಕಿ, ಅವನಿಂದ ಕೊಳ್ಳಬೇಕು. ಎಲ್ಡನ್ ರಿಂಗ್‌ನಲ್ಲಿ ಯಾರು ಏನು ಕೇಳಿಕೊಂಡರು ಎಂಬ ಪಟ್ಟಿಯನ್ನು ಗೇಮ್ ಇಟ್ಟುಕೊಳ್ಳುವುದಿಲ್ಲ.

ಆದ್ದರಿಂದ ಕನ್ಸೋಲ್ ಆಫ್ ಮಾಡುವ ಮೊದಲು ಮೂರು ಸಾಲು ಬರೆದಿಡಿ: ಇವತ್ತು ಎಲ್ಲಿ ನಿಲ್ಲಿಸಿದೆ, ಯಾವ ಬಾಗಿಲು ತೆರೆಯಲಿಲ್ಲ, ಯಾರ ಮಾತು ಬಾಕಿ ಇದೆ. ವೀಪಿಂಗ್ ಪೆನಿನ್ಸುಲಾಕ್ಕೆ ಹೋಗುವ ದಾರಿಬದಿಯಲ್ಲಿ ಇರೀನಾ ಎಂಬ ಕುರುಡು ಹುಡುಗಿ ಕೂತಿರುತ್ತಾಳೆ. ಮೋರ್ನ್ ಕೋಟೆಯಲ್ಲಿರುವ ತನ್ನ ತಂದೆಗೆ ಕೊಡಿ ಎಂದು ಒಂದು ಪತ್ರ ಕೊಡುತ್ತಾಳೆ. ಅದನ್ನು ತಲುಪಿಸಿ ಎಂದು ಗೇಮ್ ನಿಮಗೆ ಮತ್ತೆಂದೂ ನೆನಪಿಸುವುದಿಲ್ಲ. ಪುಸ್ತಕದಲ್ಲಿ ‘ಇರೀನಾಳ ಪತ್ರ, ಮೋರ್ನ್ ಕೋಟೆ, ದಕ್ಷಿಣ ತುದಿ’ ಎಂದು ಬರೆದಿದ್ದರೆ, ಮೂರು ವಾರದ ನಂತರ ಕೂತ ರಾತ್ರಿ ಕುದುರೆಯನ್ನು ಯಾವ ಕಡೆ ತಿರುಗಿಸಬೇಕೆಂದು ನಿಮಗೆ ಗೊತ್ತಿರುತ್ತದೆ.