ಕೂಗುವ ಮುಂಚೆ ಪಾಠ ನೋಡು

ನೋಡಪ್ಪಾ, ನೀನು ಅಮೆರಿಕದ ಆ್ಯಶ್‌ಬರ್ನ್‌ನಿಂದ ಕಳಿಸಿದ ವಿಡಿಯೊ ನೋಡಿದೆ. ‘ಕ್ರಿಟಿಕಲ್ ರೇಸ್ ಥಿಯರಿ’ ಅನ್ನೋದು ಶಾಲೆಗಳಿಗೆ ನುಗ್ಗಿ ಮಕ್ಕಳ ತಲೆ ಕೆಡಿಸುತ್ತಿದೆ ಅಂತ ಟೀವಿಯವನು ಅರಚುತ್ತಾನೆ. ನಿನ್ನ ಪಿತ್ತವೂ ನೆತ್ತಿಗೇರಿದೆ. ಏರಲಿ. ಆದರೆ ನಿನ್ನ ಮಗಳ ಪಠ್ಯಪುಸ್ತಕ ಒಮ್ಮೆ ತೆರೆದು ನೋಡಿದೆಯಾ?

ಆ ಸಿದ್ಧಾಂತ ಕಾನೂನು ಕಾಲೇಜಿನ ಕೂಸು. ಅಮೆರಿಕದಲ್ಲಿ ನಾಗರಿಕ ಹಕ್ಕುಗಳ ಕಾಯ್ದೆ ಬಂದದ್ದು 1964ರಲ್ಲಿ. ಆಮೇಲೂ ಕಪ್ಪು ಜನರಿಗೆ ಮನೆ, ಸಾಲ, ಒಳ್ಳೆಯ ಶಾಲೆ ಏಕೆ ಸುಲಭವಾಗಿ ದಕ್ಕಲಿಲ್ಲ ಅಂತ ಹಾರ್ವರ್ಡ್‌ನ ಡೆರಿಕ್ ಬೆಲ್ ಮೇಷ್ಟ್ರು ಕೇಳಿದರು. ಕಿಂಬರ್ಲೆ ಕ್ರೆನ್ಶಾ ಮೊದಲಾದ ಕಾನೂನು ವಿದ್ವಾಂಸರು ಅದನ್ನು ಬೆಳೆಸಿ, 1989ರಲ್ಲಿ ವಿಸ್ಕಾನ್ಸಿನ್‌ನಲ್ಲಿ ಸೇರಿ ಚರ್ಚಿಸಿದರು. ಮುಂದಿನ ಮೂವತ್ತು ವರ್ಷ ಅದರ ಗೊಡವೆಗೆ ಹೋದವರು ಹೆಚ್ಚಾಗಿ ವಿದ್ವಾಂಸರೇ.

2020ರ ಸೆಪ್ಟೆಂಬರಿನಲ್ಲಿ ಕ್ರಿಸ್ಟಫರ್ ರೂಫೊ ಎಂಬ ಬಲಪಂಥೀಯ ಹೋರಾಟಗಾರ ಫಾಕ್ಸ್ ನ್ಯೂಸ್‌ನಲ್ಲಿ ನಿರೂಪಕ ಟಕರ್ ಕಾರ್ಲ್‌ಸನ್ ಮುಂದೆ ಕೂತು ಇದರ ಮೇಲೆ ಹರಿಹಾಯ್ದ. ಆ ತಿಂಗಳು ಮುಗಿಯುವುದರೊಳಗೆ ಅಧ್ಯಕ್ಷ ಟ್ರಂಪ್ ವರ್ಣಭೇದದ ಬಗೆಗಿನ ಸರ್ಕಾರಿ ತರಬೇತಿಗಳಿಗೆ ಲಗಾಮು ಹಾಕುವ ಆದೇಶ ಹೊರಡಿಸಿದರು. ನನಗೆ ಇಷ್ಟವಾಗುವುದು ರೂಫೊನ ಪ್ರಾಮಾಣಿಕತೆ! ಜನ ಪತ್ರಿಕೆಯಲ್ಲಿ ಯಾವ ಹುಚ್ಚಾಟ ಓದಿದರೂ ಅವರಿಗೆ ‘ಕ್ರಿಟಿಕಲ್ ರೇಸ್ ಥಿಯರಿ’ ಎಂಬ ಹೆಸರೇ ನೆನಪಾಗಬೇಕು, ಅದೇ ತನ್ನ ಗುರಿ ಅಂತ 2021ರ ಮಾರ್ಚ್‌ನಲ್ಲಿ ಅವನೇ ಬಹಿರಂಗವಾಗಿ ಬರೆದ. ಕಳ್ಳನೇ ಬಂದು ಕನ್ನ ತೋರಿಸಿದ ಹಾಗಾಯಿತು. ಆಮೇಲೆ ಗುಲಾಮಗಿರಿಯ ಪಾಠ, ನೌಕರರ ತರಬೇತಿ, ಗ್ರಂಥಾಲಯದ ಕಾದಂಬರಿ, ಎಲ್ಲಕ್ಕೂ ಅದೇ ಹಣೆಪಟ್ಟಿ. ಜೂನ್ ಹೊತ್ತಿಗೆ ನಿಮ್ಮ ಲೌಡನ್ ಕೌಂಟಿಯ ಶಾಲಾ ಮಂಡಳಿ ಸಭೆಯೇ ಗದ್ದಲದಲ್ಲಿ ನಿಂತುಹೋಯಿತು.

ಅಲ್ಲಿ ಕೂಗಿದ ತಂದೆತಾಯಂದಿರೆಲ್ಲ ದಡ್ಡರು ಅಂತ ನಾನು ಹೇಳಲಾರೆ. ಕೋವಿಡ್‌ನಲ್ಲಿ ಶಾಲೆ ಮುಚ್ಚಿ ಮಕ್ಕಳು ಮನೆಯಲ್ಲಿ ಕೊಳೆತಿದ್ದರು. ಸಿಟ್ಟು ಮೊದಲೇ ಇತ್ತು, ಟೀವಿ ಅದಕ್ಕೊಂದು ಗುರಿ ತೋರಿಸಿತು. ‘ಇದು ಕಾನೂನು ಕಾಲೇಜಿನ ವಿಷಯ, ನಿಮಗೇಕೆ’ ಅಂತ ಬಾಯಿ ಮುಚ್ಚಿಸಲು ಹೋದ ಎದುರು ಬಣದ ಚಾನೆಲ್‌ಗಳೂ ಏನೂ ಉಪಕಾರ ಮಾಡಲಿಲ್ಲ. ಕೆಲವು ತರಬೇತಿಗಳು ನಿಜಕ್ಕೂ ಕೆಟ್ಟದಾಗಿದ್ದವು.

ಆದ್ದರಿಂದ ನಾಳೆ ಟೀಚರ್ ಹತ್ತಿರ ಈ ವರ್ಷದ ಪಾಠಗಳ ಪಟ್ಟಿ ಕೇಳು. ಯಾವ ಪಾಠ, ಯಾವ ಪುಟ ಅಂತ ಹೇಳಲು ಬಂದರೆ ಮಾತ್ರ ಸಭೆಗೆ ಹೋಗು. ಬೆಲ್‌ರ 1980ರ ಲೇಖನವನ್ನೂ ಓದು. ಬಿಳಿಯರ ಹಿತಕ್ಕೂ ಕೂಡಿಬಂದಾಗಲೇ ಕಪ್ಪು ಜನರಿಗೆ ನ್ಯಾಯ ಸಿಗುತ್ತದೆ ಅನ್ನುತ್ತಾರೆ ಅದರಲ್ಲಿ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನೀನು ಓದಿ ಫೋನ್ ಮಾಡು, ಅದರ ಮೇಲೆ ಜಗಳ ಆಡೋಣ.